ಯಾರೂ ಜಗಳಾಡದ ಮನೆ

ಯಶವಂತಪುರ
೧೬ ಜನವರಿ ೧೯೭೯

ಪ್ರೀತಿಯ ಕನೀಜ್,

ಸಂಕ್ರಾಂತಿ ಹೋತು. ಈ ಸಲ ನಮಗ ಹಬ್ಬ ಇಲ್ಲ. ಆದ್ರೂ ವಠಾರದವರು ಎಳ್ಳು ಬೆಲ್ಲದ ಪೊಟ್ಟಣ ತಂದು ಅತ್ತಿ ಕೈಯಾಗ ಕೊಟ್ರು. ಕೊಟ್ಟು, ನನ್ನ ಮಾರಿ ಒಂದು ಸಲ ನೋಡಿ, ಸೆರಗಿನ್ಯಾಗ ಮೂಗು ಒರಸ್ಕೊಂಡು ಹೋದ್ರು.

ಇವರು ತೀರಿಕೊಂಡು ಮೂರು ತಿಂಗಳ ಮ್ಯಾಲಾತು. ನೀ ಮಣ್ಣಿಗೆ ಬಂದಾಕಿ ಮತ್ತ ಬಂದಿಲ್ಲ. ತಪ್ಪು ಅಂತ ಅನ್ನಾಕತ್ತಿಲ್ಲ. ಯಲಹಂಕದಿಂದ ಇಲ್ಲಿಗೆ ಬರೂದಂದ್ರ ಎರಡು ಬಸ್ಸು ಬದಲಿ ಮಾಡಬೇಕು, ಸಾಲಿಗೆ ರಜಾ ಹಾಕಬೇಕು. ನಿನಗ ವರ್ಗ ಆಗಿ ಎರಡು ವರ್ಷಾತು. ಈಗೂ ಶನಿವಾರ ಮಧ್ಯಾಹ್ನ ಆತಂದ್ರ ನನ್ನ ಕಿವಿ ಬಾಗಿಲದ ಕಡೆ ಇರ್ತಾವು. ನಮ್ಮ ಹಿಂದಿನ ಮನಿಯಿಂದ ನೀ ಬರದ ಕಥಿ ಹಿಡಕೊಂಡು ಬರ್ತಿದ್ದಿ, ಇಲ್ಲಾ ನಾ ನಿಮ್ಮನಿಗೆ ಬರ್ತಿದ್ದೆ. ಒಬ್ಬರು ಓದೂದು, ಇನ್ನೊಬ್ಬರು ಕೇಳೂದು. ಓದಿದವರೇ ಚಾ ಮಾಡಬೇಕು, ಕೇಳಿದವರ ಕಪ್ಪು ಖಾಲಿ ಆಗೂತನಕ ಓದಿದವರು ಬಾಯಿ ತೆರೀಬಾರದು. ಬೈಯೂದು ಭಾಳ ಇದ್ದಾಗ ನೀ ಎಷ್ಟು ಸಾವಕಾಶ ಕುಡೀತಿದ್ದಿ! ಚಾದ ಮ್ಯಾಲ ಕೆನಿ ಕಟ್ಟಿದ್ರೂ ನಿನ್ನ ಬೈಗಳ ಮುಗೀತಿರಲಿಲ್ಲ. ನಾ ತುಟಿ ಕಚ್ಚಿಕೊಂಡು ಕುಂದ್ರಬೇಕು.

ಇದರ ಜೋಡಿ ಒಂದು ಕಥಿ ಇಟ್ಟೀನಿ. ‘ಬೆಳಕಾಗಿ ಹೋದವರು’ ಅಂತ. ಇವರು ದವಾಖಾನ್ಯಾಗ ಇದ್ದ ಕಡೀ ದಿನಗಳದ್ದು. ಹೆಸರು ಬ್ಯಾರೆ ಹಾಕೀನಿ, ಆದ್ರ ನಿನಗ ತಿಳೀತೈತಿ. ಓದಿ ಹೇಳು. ಇಲ್ಲಿ ಯಾರನ್ನ ಕೇಳಲಿ? ಅತ್ತಿಗೆ ಓದಾಕ ಬರೂದಿಲ್ಲ. ಬಂದಿದ್ರೂ ಆಕಿ ಮಗನ ಕಥಿ ಆಕಿಗೆ ಕೊಟ್ಟು ಹ್ಯಾಂಗೈತಿ ಅಂತ ಕೇಳಾಕ ಆಗ್ತೈತೇನು?

ನಿನ್ನ ಉತ್ತರ ಕಾಯ್ತೀನಿ.

ನಿನ್ನ,
ಚಂದ್ರವ್ವ


ಯಲಹಂಕ
೨೭ ಜನವರಿ ೧೯೭೯

ಪ್ರೀತಿಯ ಚಂದ್ರಕ್ಕ,

ನಿಮ್ಮ ಕಥೆ ಓದಿದೆ. ಕಣ್ಣಲ್ಲಿ ನೀರು ಬಂತು. ತುಂಬಾ ಚೆನ್ನಾಗಿದೆ. ಕೊನೆಯಲ್ಲಿ ಅವರು ಹೇಳೋ ಮಾತಂತೂ ಮನಸ್ಸು ಕಲಕಿಬಿಡುತ್ತೆ. ತಿದ್ದೋ ಅಂಥದ್ದು ಏನೂ ಇಲ್ಲ. ಯಾವುದಾದ್ರೂ ಪತ್ರಿಕೆಗೆ ಕಳಿಸಿ, ಖಂಡಿತ ಹಾಕ್ತಾರೆ.

ನೀವು ಧೈರ್ಯವಾಗಿರಬೇಕು. ಅತ್ತೆಯವರನ್ನ ಕೇಳಿದೆ ಅಂತ ಹೇಳಿ. ಪರೀಕ್ಷೆ ಹತ್ತಿರ ಬಂತು, ಏಳನೇ ಕ್ಲಾಸಿಂದು ಪಾಠ ಇನ್ನೂ ಮುಗಿದಿಲ್ಲ. ಅದಕ್ಕೇ ಚಿಕ್ಕದಾಗಿ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ,
ಕನೀಜ್


ಯಶವಂತಪುರ
೪ ಮಾರ್ಚ್ ೧೯೭೯

ಪ್ರೀತಿಯ ಕನೀಜ್,

ನೀ ಕಳಿಸು ಅಂದಿ ಅಂತ ಕಳಿಸಿದೆ. ವಾರಪತ್ರಿಕೆಯವರು ಯುಗಾದಿ ಸಂಚಿಕೆಗೆ ತಗೊಂಡಾರ. ಸಂಪಾದಕರು ತಾವೇ ಕಾರ್ಡು ಬರದಾರ. ಮದುವಿ ಆಗಿ ಗದಗಿನಿಂದ ಈ ಊರಿಗೆ ಬಂದಾಗಿಂದ ಬರಿಯಾಕತ್ತೀನಿ, ನನ್ನ ಹೆಸರು ಅಚ್ಚಾಗೂದು ಇದ ಮೊದಲು. ಕುಣದಾಡಬೇಕಾಗಿತ್ತು ನೋಡು. ಕಾರ್ಡು ಓದಿ ಗೂಡಿನ್ಯಾಗ ಇಟ್ಟು ಅಕ್ಕಿ ಆರಸಾಕ ಕುಂತೆ.

ಆಮ್ಯಾಲ ನಿನ್ನ ಪತ್ರ ತಗದು ಮತ್ತೊಮ್ಮೆ ಓದಿದೆ. ಇದು ಕನೀಜ್ ಬರದದ್ದಲ್ಲ. ಅಕ್ಷರ ಅಷ್ಟ ಆಕೀವು. ‘ಕಣ್ಣಲ್ಲಿ ನೀರು ಬಂತು’ ಅಂತ. ನಿನಗ? ನಮ್ಮವ್ವ ಸತ್ತಾಗ ಕಥಿ ಬರದು ಓದಿದ್ರ, ‘ಅಳೋದೆಲ್ಲ ನೀವೇ ಅತ್ತು ಮುಗಿಸಿದೀರ, ನನಗೇನು ಬಿಟ್ಟಿದೀರ’ ಅಂದಾಕಿ ನೀನು. ಅವತ್ತು ನಾ ಎರಡು ದಿನ ಉರದುಕೊಂಡಿದ್ದೆ. ಮೂರನೇ ದಿನ ನೀ ಹೇಳಿದ್ದು ಖರೇ ಅನಸಿ ಅರ್ಧ ಕಥಿ ಹೊಡದು ಹಾಕಿದೆ.

ನನಗ ಏನಾಗೈತಿ ಹೇಳ್ಲಿ? ಇವರು ಹೋದ ದಿನದಿಂದ ನನ್ನ ಜೋಡಿ ಯಾರೂ ಜಗಳ ಆಡೂದಿಲ್ಲ. ನಳದ ಹತ್ರ ನನ್ನ ಕೊಡ ಕಾಲಿನಿಂದ ಸರಸ್ತಿದ್ದಾಕಿ ಈಗ ‘ನೀವ್ ಮೊದ್ಲು ಹಿಡ್ಕೊಳಿ’ ಅಂತಾಳ. ಕಾಯಿಪಲ್ಯೆದಾಕಿ ಚೌಕಾಸಿ ಮಾಡೂದ್ರಾಗ ಸೋತು ಸುಮ್ಮನ ಕೊತ್ತಂಬರಿ ಮ್ಯಾಲ ಹಾಕ್ತಾಳ. ಮೊನ್ನೆ ಪಲ್ಯಾಕ ಉಪ್ಪು ಹಾಕೂದು ಮರತೆ. ಅತ್ತಿ ಸುಮ್ಮನ ಉಂಡು ಎದ್ಲು. ಹದಿನೈದು ವರ್ಷ ಒಂದು ಹಳ್ಳು ಉಪ್ಪು ಹೆಚ್ಚಾದ್ರ ಸಾಕು, ನನ್ನ ತೌರುಮನಿ ಏಳು ತಲಿಮಾರು ಎತ್ತಿ ಆಡಿದಾಕಿ! ನಾ ಉಣ್ಣಾಕ ಕುಂತಾಗ ಗೊತ್ತಾತು ನನಗ. ತಾಟಿನ ಮುಂದ ಕುಂತು ಏನು ಸಂಕಟಾತು ಗೊತ್ತೈತೇನು? ಎಲ್ಲಾರೂ ನನ್ನ ಗಾಜಿನ ಸಾಮಾನು ಹಿಡದಾಂಗ ಹಿಡೀತಾರ. ಕೆಳಗ ಇಡವರೂ ಇಲ್ಲ, ಒಡಿಯವರೂ ಇಲ್ಲ.

ಈಗ ನೀನೂ ಹಂಗ ಹಿಡದಿ.

ಇನ್ನೂ ಹೊತ್ತು ಮೀರಿಲ್ಲ. ಬ್ಯಾಡ ಅಂದ್ರ ಸಂಪಾದಕರಿಗೆ ಒಂದು ಕಾರ್ಡು ಹಾಕಿ ಕಥಿ ವಾಪಸ್ ತರಸ್ತೀನಿ. ನೀ ಖರೇ ಏನಂತಿ ಅದನ್ನ ಬರಿ. ನಾ ಹೆಂಡ್ತಿ ಅಂತ ತಿಳೀಬ್ಯಾಡ, ಬರದಾಕಿ ಅಂತ ತಿಳಿ.

ನಿನ್ನ,
ಚಂದ್ರವ್ವ


ಯಲಹಂಕ
೧೦ ಮಾರ್ಚ್ ೧೯೭೯

ಚಂದ್ರಕ್ಕ,

ಬರೆದು ಬರೆದು ಹರಿದು ಹಾಕಿ ಈಗ ಮತ್ತೆ ಕೂತಿದೀನಿ. ಇದನ್ನಾದ್ರೂ ಪೋಸ್ಟ್ ಡಬ್ಬಿಗೆ ಹಾಕ್ಬೇಕು.

ಹೌದು, ಸುಳ್ಳು ಬರೆದೆ. ಕಣ್ಣಲ್ಲಿ ನೀರು ಬರಲಿಲ್ಲ. ಗಂಡನ್ನ ಕಳ್ಕೊಂಡಿರೋರಿಗೆ ನಿಮ್ಮ ಕಥೆ ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಒಂದಿಷ್ಟು ಹೊಗಳಿಬಿಟ್ರೆ ನಿಮಗೂ ಸಮಾಧಾನ, ನನಗೂ ಸಮಾಧಾನ ಅಂದ್ಕೊಂಡೆ. ನೀವು ಅದನ್ನ ನಂಬ್ಕೊಂಡು ನಿಜವಾಗ್ಲೂ ಕಳಿಸಿಬಿಟ್ಟಿದೀರ. ನನಗೆ ನಾಚಿಕೆ ಆಗ್ತಿದೆ ಕಣಕ್ಕ.

ಕೇಳಿ ಈಗ. ಆಸ್ಪತ್ರೆ ವಾಸನೆ, ಕಾಲಿನ ಊತ, ಕಿಟಕಿ ಹೊರಗಿನ ನೀಲಗಿರಿ ಮರ, ಎಲ್ಲಾ ಸರಿಯಾಗಿದೆ. ಆದ್ರೆ ಆ ಮಂಚದ ಮೇಲೆ ಮಲಗಿರೋರು ಯಾರು? ‘ಗಿರಿಜಾ, ನೀನು ಬರೆಯುತ್ತಿರು, ನಿನ್ನ ಅಕ್ಷರಗಳಲ್ಲಿ ನಾನು ಉಸಿರಾಡುತ್ತೇನೆ’ ಅಂತ ಹೇಳಿ ಕಣ್ಣು ಮುಚ್ತಾರಂತೆ. ಯಾರಕ್ಕಾ ಇದು, ನಾಗಲಿಂಗಪ್ಪನೋರಾ? ನಾವು ಓದೋಕೆ ಕೂತ್ರೆ ಸಾಕು, ಹೊರಗೆ ಮೆಟ್ಟಿಲ ಮೇಲೆ ಕೂತು ಟ್ರಾನ್ಸಿಸ್ಟರ್ ಜೋರು ಮಾಡ್ತಿದ್ದೋರು ಅವರು. ‘ಬರದು ಬರದು ಯಾವ ರಾಜ್ಯಾ ಗೆಲ್ತೀರಿ’ ಅಂತಿದ್ರು. ಸಿಟ್ಟು ಬಂದ್ರೆ ನಿಮ್ಮ ಜೊತೆ ಮಾತು ಬಿಟ್ಟು, ನೀವು ಎದುರಿಗೇ ನಿಂತಿದ್ರೂ ನನಗೆ ಹೇಳೋರು, ‘ಟೀಚರಮ್ಮಾರ, ಆಕೀಗೆ ಹೇಳ್ರಿ, ನೀರು ಕಾದಾವಂತ’. ನಾನಿಲ್ದೇ ಇದ್ರೆ ಬೆಕ್ಕಿಗೆ ಹೇಳೋರಂತೆ. ನಾವಿಬ್ಬರೂ ಅದನ್ನ ಆಡ್ಕೊಂಡು ಎಷ್ಟು ನಕ್ಕಿಲ್ಲ!

ನಮ್ಮಮ್ಮ ಹೋದ ದಿನ ನೆನಪಿದೆಯಾ? ಎಲ್ಲಾರೂ ಒಳಗೆ ಬಂದು ಏನೇನೋ ಸಮಾಧಾನ ಹೇಳಿದ್ರು. ಅವರು ಒಳಗೆ ಬರಲೇ ಇಲ್ಲ. ನಲ್ಲಿ ಹತ್ರ ಹೆಂಗಸರ ಸಾಲಲ್ಲಿ ಬಿಂದಿಗೆ ಹಿಡ್ಕೊಂಡು ನಿಂತು ನಮ್ಮನೆ ಡ್ರಮ್ಮು ತುಂಬಿಸಿದ್ರು. ಆಮೇಲೆ ವಾರಗಟ್ಟಲೆ ನನ್ನ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ರು, ನಾನೆಲ್ಲಿ ಥ್ಯಾಂಕ್ಸ್ ಹೇಳ್ಬಿಡ್ತೀನೋ ಅಂತ.

ಆ ಮನುಷ್ಯನ್ನ ನಾನು ಕಥೆ ತುಂಬಾ ಹುಡುಕಿದೆ ಅಕ್ಕಾ, ಸಿಗಲಿಲ್ಲ. ಅವರನ್ನ ಎಬ್ಬಿಸಿ ಆಚೆ ಕಳಿಸಿ, ಯಾರೋ ಒಳ್ಳೆಯವರನ್ನ ಕರ್ಕೊಂಡು ಬಂದು ಮಲಗಿಸಿದೀರ. ಕಥೆ ವಾಪಸ್ ತರಿಸಿ. ಅಚ್ಚಾದ್ರೆ ಜನ ಮೆಚ್ಕೋತಾರೆ, ಅದು ನನಗೆ ಗೊತ್ತು. ಆದ್ರೂ ತರಿಸಿ.

ಬೈಬೇಕು ಅನ್ಸಿದ್ರೆ ಬೈರಿ.

ನಿಮ್ಮ,
ಕನೀಜ್


ಯಶವಂತಪುರ
೧೪ ಮಾರ್ಚ್ ೧೯೭೯

ಕನೀಜ್ ಬೇಗಂ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಉಪಕಾರವಾಯಿತು. ಕಥೆಯನ್ನು ಹಿಂದಕ್ಕೆ ತರಿಸುವ ವಿಚಾರ ನನಗಿಲ್ಲ. ನನ್ನ ಗಂಡನ ಜೊತೆ ಬಾಳುವೆ ಮಾಡಿದವಳು ನಾನು. ಗಂಡ ಎಂದರೇನೆಂದು ತಿಳಿಯದವರಿಂದ ಕಲಿಯಬೇಕಾದದ್ದು ಏನೂ ಇಲ್ಲ.

ಇನ್ನು ಮುಂದೆ ತಮಗೆ ತೊಂದರೆ ಕೊಡುವುದಿಲ್ಲ.

ಇತಿ,
ಚಂದ್ರವ್ವ ನಾಗಲಿಂಗಪ್ಪ


ಯಲಹಂಕ
೨೦ ಜೂನ್ ೧೯೭೯

ಪ್ರೀತಿಯ ಚಂದ್ರಕ್ಕ,

ನೀವು ಉತ್ತರ ಬರೆಯಲ್ಲ ಅಂತ ಗೊತ್ತಿದ್ದೂ ಬರೀತಿದೀನಿ.

ಯುಗಾದಿ ಸಂಚಿಕೆ ಇಲ್ಲಿನ ಲೈಬ್ರರಿಯಲ್ಲಿ ನೋಡಿದೆ. ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿತ್ತು. ಬೆರಳಲ್ಲಿ ಮುಟ್ಟಿ ನೋಡಿದೆ, ಹೆಮ್ಮೆ ಆಯ್ತು. ನನ್ನ ಪಕ್ಕ ಕೂತಿದ್ದ ಹೆಂಗಸು ಆಮೇಲೆ ಅದೇ ಕಥೆ ಓದಿ ಕಣ್ಣು ಒರೆಸ್ಕೊಂಡ್ರು. ನಾನೇ ತಪ್ಪಾ ಅಂತ ಮನೆಗೆ ಬರೋ ದಾರಿ ಪೂರ್ತಿ ಯೋಚನೆ ಮಾಡಿದೆ. ಕ್ಷಮಿಸಿ ಅಂತ ಬರೆಯೋಣ ಅಂತಲೂ ಕೂತೆ. ಏನು ಮಾಡ್ಲಿ ಅಕ್ಕಾ, ನನಗೆ ಈಗಲೂ ಹಾಗೇ ಅನ್ಸುತ್ತೆ. ಮೊದಲನೇ ಪತ್ರಕ್ಕೆ ಬೇಕಾದ್ರೆ ಕ್ಷಮಿಸಿ, ಎರಡನೇದಕ್ಕೆ ಕೇಳಲ್ಲ.

ನನಗೆ ಗಂಡ ಅಂದ್ರೇನು ಅಂತ ಗೊತ್ತಿಲ್ಲ ಅಂದ್ರಿ. ಚುಚ್ಚಿತು. ಸುಳ್ಳೇನಲ್ಲ, ಆದ್ರೂ ಚುಚ್ಚಿತು.

ಬೇಸಿಗೆ ರಜೆಯಲ್ಲಿ ನಾನೂ ಒಂದು ಕಥೆ ಬರೆದೆ. ಬರೆದು ಮುಗಿಸಿದ ಮೇಲೆ ಮನೆಯಲ್ಲಿ ಯಾರಿಗೆ ಓದಬೇಕೋ ಗೊತ್ತಾಗಲಿಲ್ಲ. ಅಣ್ಣ ಅಕ್ಬರ್ ಪಾಷಾಗೆ ಬಸ್ಸಿನ ಬೋರ್ಡು ಓದೋವಷ್ಟು ಕನ್ನಡ ಸಾಕು. ಕೊನೆಗೆ ಅತ್ತಿಗೆ ಫರೀದಾನ ಕೂರಿಸ್ಕೊಂಡು, ಒಂದೊಂದೇ ಸಾಲು ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಪಾಪ, ಪೂರ್ತಿ ಕೇಳಿದ್ಲು. ‘ಅಚ್ಛಾ ಹೈ ಆಪಾ’ ಅಂದು ಈರುಳ್ಳಿ ಹೆಚ್ಚೋಕೆ ಎದ್ದು ಹೋದ್ಲು. ಅಷ್ಟೇ. ಹಾಳೆ ಮಡಚಿ ಟ್ರಂಕಿಗೆ ಹಾಕಿದೆ. ಚೆನ್ನಾಗಿದೆ ಅಂದ ಮೇಲೆ ಮಾತು ಅಲ್ಲಿಗೇ ಮುಗಿದುಹೋಗುತ್ತೆ ಅಂತ ನನಗೆ ಅವತ್ತು ಗೊತ್ತಾಯ್ತು. ನಿಮಗೂ ಹೀಗೇ ಆಗಿರ್ಬೇಕು, ನನ್ನ ಜನವರಿ ಪತ್ರ ಓದಿದಾಗ.

ಸ್ಕೂಲು ಶುರುವಾಗಿದೆ. ಇಲ್ಲಿನ ಏರ್‌ಫೋರ್ಸ್ ವಿಮಾನ ಮೇಲೆ ಹೋದಾಗೆಲ್ಲ ಪಾಠ ನಿಲ್ಲಿಸಬೇಕು. ಮಕ್ಕಳಿಗೆ ಖುಷಿ. ನಾನು ಸೀಮೆಸುಣ್ಣ ಹಿಡ್ಕೊಂಡು ಬಾಯಿ ಮುಚ್ಕೊಂಡು ನಿಂತಿರ್ತೀನಿ.

ನಿಮ್ಮ,
ಕನೀಜ್


ಯಶವಂತಪುರ
೭ ಅಕ್ಟೋಬರ್ ೧೯೭೯

ಕನೀಜ್,

ಎಲ್ಲಿಂದ ಸುರು ಮಾಡ್ಲಿ?

ಕಥಿ ಅಚ್ಚಾದ ಮ್ಯಾಲ ಏನೇನಾತು ಕೇಳು. ಊರಿಂದ ಮೈದುನ ಬಂದು ಒಂದು ಬಿಟ್ಟು ಇದ್ದಬದ್ದ ಪ್ರತಿ ಎಲ್ಲಾ ಒಯ್ದ. ಅತ್ತಿ ಆ ಹಾಳಿಗೆ ಕಟ್ಟು ಹಾಕಿಸಿ ಮಗನ ಫೋಟೋದ ಬಾಜೂಕ ತೂಗು ಹಾಕ್ಯಾಳ. ಸೋಮವಾರ ಬಂತಂದ್ರ ಪಕ್ಕದ ಮನಿ ಮುನಿಶಾಮಿಯವರನ್ನ ಕರದು ಓದಸ್ತಾಳ. ‘ನನ್ನ ಮಗಾ ಹಿಂಗ ಅಂದ್ನಾ?’ ಅಂತ ನನ್ನ ಕೇಳ್ತಾಳ. ಹೂಂ ಅಂತೀನಿ. ಮತ್ತೇನನ್ಲಿ? ಆಕಿ ಹಡದ ಮಗಾ ಹಂಗ ಮಾತಾಡಾಂವ ಅಲ್ಲ ಅಂತ ಆಕಿಗೂ ಗೊತ್ತು. ಇಬ್ಬರೂ ಸುಮ್ಮನ ಕುಂತು ಕೇಳ್ತೀವಿ. ಆ ಹಾಳಿಯೊಳಗಿನಾಂವ ನಮ್ಮನ್ಯಾಗ ಬಂದು ಕುಂತುಬಿಟ್ಟಾನ. ಎದ್ದು ಹೋಗು ಅನ್ನಾಕ ಆಗೂದಿಲ್ಲ.

ಮೊನ್ನೆ ಇವರದು ವರ್ಷಾತು. ಬಂದವರೆಲ್ಲಾ ಆ ‘ಉಸಿರಾಡುತ್ತೇನೆ’ ಮಾತು ಎತ್ತಿ ಎತ್ತಿ ಕಣ್ಣೀರು ಹಾಕಿದ್ರು. ನನಗ ಬರಲಿಲ್ಲ. ವರ್ಷದಿಂದ ನನಗ ಅಳು ಬಂದಿಲ್ಲ ಕನೀಜ್. ಮಂದಿ ನೋಡಲಿ ಅಂತ ಸೆರಗು ಒತ್ತಿಕೊಂಡಿದ್ದು ಅಷ್ಟ. ಎಲ್ಲಾರೂ ಹೋದ ಮ್ಯಾಲ ಭಾಂಡಿ ತಿಕ್ಕಾಕ ಕುಂತಾಗ ನಿನ್ನ ಮಾರ್ಚ್ ತಿಂಗಳ ಪತ್ರ ನೆನಪಾತು. ಅದನ್ನ ನಾ ಅವತ್ತ ಒಲಿಗೆ ಹಾಕಿದ್ದೆ. ಸುಟ್ರೇನಾತು, ಬಾಯಿಪಾಠ ಆಗಿತ್ತು. ಇವರು ಹೆಂಗಸರ ಸಾಲಿನ್ಯಾಗ ಕೊಡ ಹಿಡಕೊಂಡು ನಿಂತದ್ದು ನೀ ಬರಿಯೂತನಕ ನನಗ ಪೂರಾ ಮರತುಹೋಗಿತ್ತು ನೋಡು. ಆ ಮಾರಿ ಕಣ್ಣಿಗೆ ಕಟ್ಟಿತು. ಗಂಟು ಹಾಕಿಕೊಂಡ ಹುಬ್ಬು, ಯಾರಾರ ನಗ್ತಾರೇನ ಅಂತ ಆಚೀಚೆ ನೋಡೂದು. ಆವಾಗ ಬಂತು ನೋಡು ಅಳು. ಬೂದಿ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತೀನಿ. ಅವರನ್ನ ಬಾಯಿಗೆ ಬಂದಾಂಗ ಬೈದೀನಿ. ಒಂದು ವರ್ಷ ಆ ಬ್ಯಾರೆಯಾಂವಗ ಅಳಾಕ ನೋಡಾಕತ್ತಿದ್ದೆ, ಎಲ್ಲಿಂದ ಬರಬೇಕು?

ಖರೇ ಹೇಳ್ತೀನಿ. ಅವರು ಹೋಗೂ ಮುಂದ ನನ್ನ ಜೋಡಿ ಮಾತು ಬಿಟ್ಟಿದ್ರು. ಶೆಟ್ಟಿಹಳ್ಳಿಯೊಳಗ ಸೈಟು ತಗೊಳ್ಳೂಣು, ತಾವು ದುಡಿಯೂ ಫ್ಯಾಕ್ಟರಿಗೂ ಹತ್ರ ಆಗ್ತೈತಿ ಅಂದ್ರು. ಬಸ್ಸಿಲ್ಲ, ಲೈಟಿಲ್ಲ, ಆ ಹೊಲದಾಗ ನಾ ಯಾರ ಮಾರಿ ನೋಡ್ಲಿ, ಬರೂದಿಲ್ಲ ಅಂದೆ. ಅಷ್ಟ. ಅವತ್ತಿಂದ ಎಲ್ಲಾ ಬೆಕ್ಕಿನ ಮುಂದ. ಎದಿ ನೋಯಾಕತ್ತೈತಿ ಅನ್ನೂದನ್ನೂ ಅವರವ್ವಗ ಹೇಳಿದ್ರು, ನನಗಲ್ಲ. ದವಾಖಾನ್ಯಾಗ ಬೆಕ್ಕು ಎಲ್ಲಿಂದ ತರೂದು? ಕಡೀ ದಿನ ಆಯಾನ್ನ ಕರದು ಅಂದ್ರು, ‘ಆಕೀಗೆ ಹೇಳವಾ, ಮುಂಜಾನಿಂದ ನಿಂತಾಳ, ಹೋಗಿ ಉಣ್ಣಂತ ಹೇಳು.’ ನಾ ಅವರ ಕಾಲಿನ ಹತ್ರನ ನಿಂತಿದ್ದೆ. ಅದ ಅವರ ಕಡೀ ಮಾತು. ಸಾಯೂ ಗಂಡ ಹೆಂಡ್ತಿ ಕೂಡ ಮಾತಾಡಲಿಲ್ಲ, ಆಯಾನ ಕೂಡ ಮಾತಾಡಿ ಹೋದ ಅಂತ ಮಂದಿ ಮುಂದ ಹ್ಯಾಂಗ ಹೇಳ್ಲಿ? ನಾಚಿಕಿ ಆತು. ಅದಕ್ಕ ಒಂದು ಚಂದದ ಮಾತು ಮಾಡಿ ಅವರ ಬಾಯಾಗ ಇಟ್ಟೆ.

ಈಗ ಮತ್ತ ಬರದೀನಿ. ಇದರ ಜೋಡಿ ಐತಿ. ಅಚ್ಚಿಗಲ್ಲ, ಅತ್ತಿ ಇರೂತನಕ ಅಚ್ಚಿಗೆ ಕೊಡಾಕ ಆಗೂದಿಲ್ಲ. ನೀ ಓದು. ಮೂರು ಸಾಲು ಹೊಗಳಿದಿ ಅಂದ್ರ ನೋಡು, ಮತ್ತ ತಾವು ತಮ್ಮ ಅಂತ ಬರೀತೀನಿ.

ಗಂಡನ ಮಾತು ಎತ್ತಿ ನಿನಗ ಅಂದದ್ದು ಭಾಳ ಕೆಟ್ಟ ಮಾತು. ಹೊಟ್ಟಿಯೊಳಗ ಹಾಕ್ಕೊ. ನಿನ್ನ ಟ್ರಂಕಿನ ಕಥಿ ಕಳಸು.

ನಿನ್ನ,
ಚಂದ್ರವ್ವ


ಯಲಹಂಕ
೧೩ ಅಕ್ಟೋಬರ್ ೧೯೭೯

ಪ್ರೀತಿಯ ಚಂದ್ರಕ್ಕ,

ನಿಮ್ಮ ಅಕ್ಷರ ನೋಡಿ ಲಕೋಟೆನ ಹಾಗೇ ಹಿಡ್ಕೊಂಡು ಕೂತಿದ್ದೆ. ಫರೀದಾ, ‘ಯಾರು ಹೋಗಿಬಿಟ್ರು ಆಪಾ’ ಅಂತ ಗಾಬರಿಯಾಗಿ ಓಡಿ ಬಂದ್ಲು.

ಸರಿ, ಕಥೆಗೆ ಬರ್ತೀನಿ. ಶುರು ತೀರಾ ಉದ್ದ. ಶೆಟ್ಟಿಹಳ್ಳಿ ಜಗಳಕ್ಕೆ ಎರಡು ಪುಟ ಯಾಕೆ? ಅರ್ಧ ಪುಟ ಸಾಕು. ಬೆಕ್ಕಿನ ಭಾಗ ಮುಟ್ಟಬೇಡಿ, ಓದಿ ಒಬ್ಬಳೇ ನಕ್ಕೆ. ‘ಅವನ ಮೌನದೊಳಗೆ ಕಡಲಿನಷ್ಟು ಪ್ರೀತಿ ಇತ್ತು’ ಅಂತ ಒಂದು ಸಾಲಿದೆ, ಅದನ್ನ ದಯವಿಟ್ಟು ಹೊಡೆದು ಹಾಕಿ. ಹಳೇ ಮನುಷ್ಯ ಮತ್ತೆ ಬಂದು ಮಲಗೋಕೆ ನೋಡ್ತಿದಾನೆ. ಆಯಾ ಮಾತು ಬಂದ ಕಡೆ ನಾನು ಹಾಳೆ ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ಇದು ಹೊಗಳಿಕೆ ಅಲ್ಲ, ನಡೆದದ್ದು.

ಆದ್ರೆ ಒಂದು ಕಡೆ ನೀವು ಓದೋರಿಗೆ ಮೋಸ ಮಾಡಿದೀರ. ಆಯಾ ‘ಹೋಗಿ ಊಟ ಮಾಡಮ್ಮಾ’ ಅಂತಾಳೆ. ಮುಂದಿನ ಸಾಲಲ್ಲಿ ಮಣ್ಣು ಮಾಡಿ ಮನೆಗೆ ಬಂದಾಗಿದೆ. ನಡುವಿನದು ಎಲ್ಲಿ ಹೋಯ್ತು? ಅವರು ಹೇಳಿದ ಮೇಲೆ ಆಕೆ ಹೋದಳಾ? ಊಟ ಮಾಡಿದಳಾ? ಓದ್ತಾ ನನಗೆ ಬೇರೇನೂ ಬೇಕಾಗಿರಲಿಲ್ಲ, ಅದೊಂದೇ ಬೇಕಾಗಿತ್ತು. ನೀವು ಮರೆತು ಬಿಟ್ಟಿಲ್ಲ ಅಕ್ಕಾ, ಬೇಕಂತ ಬಿಟ್ಟಿದೀರ ಅಂತ ನನಗೆ ಅನುಮಾನ.

ನನ್ನ ಕಥೆ ಇದರ ಜೊತೆ ಇದೆ. ನೀವು ಏನಂತೀರೋ ನೋಡೋಣ.

ನಿಮ್ಮ,
ಕನೀಜ್


ಯಶವಂತಪುರ
೧೭ ಅಕ್ಟೋಬರ್ ೧೯೭೯

ಕನೀಜ್,

ನಿನ್ನ ಕಥಿ ಓದಾಕತ್ತೀನಿ, ಮೊದಲನೇ ಪುಟಾನ ಸಪ್ಪಗೈತಿ. ಅದನ್ನ ಬ್ಯಾರೆ ಬರೀತೀನಿ. ಇದು ನೀ ಕೇಳಿದ್ದಕ್ಕ ಉತ್ತರ.

ಹೋಗಿದ್ದೆ. ದವಾಖಾನಿ ಎದುರಿಗೆ ಒಂದು ಸಣ್ಣ ಹೋಟೆಲು. ಬಿಸಿ ಅನ್ನ, ಸಾರು. ಈ ಊರಿನ ಸಾರಂದ್ರ ನಾ ಮೂಗು ಮುರಿಯಾಕಿ, ಅವತ್ತ ಏನು ರುಚಿ ಹತ್ತಿತು ಅಂತಿ! ಹಸಿವ್ಯಾಗಿತ್ತು, ಅದರ ಮ್ಯಾಲ ಹಿಗ್ಗು. ಬೆಕ್ಕಿನ ಮುಂದ ಹೇಳ್ತಿದ್ದಾಂವ ಮನಶ್ಯಾರ ಮುಂದ ಹೇಳಿದ್ನಲ್ಲ, ಸಿಟ್ಟು ಇಳಿಯಾಕತ್ತೈತಿ ಅಂತ. ಎರಡನೇ ಸಲ ಅನ್ನ ಹಾಕಿಸ್ಕೊಂಡೆ. ವಾಪಸ್ ಹೋಗಿ ನಾನಾಗಿ ಮಾತಾಡಸ್ಬೇಕು, ಶೆಟ್ಟಿಹಳ್ಳಿಗೆ ಬರ್ತೀನಿ ಅನ್ನಬೇಕು, ಹ್ಯಾಂಗ ಮಾರಿ ಮಾಡ್ತಾರ ನೋಡೂಣು ಅಂತ ಒಬ್ಬಾಕೀನ ನಕ್ಕೆ. ಬರೂ ದಾರಿಯೊಳಗ ಅಂಗಡ್ಯಾಗ ಎಲಿ ಅಡಿಕಿ ತಗೊಂಡು ಬಾಯಾಗ ಹಾಕ್ಕೊಂಡೆ.

ಹೋಗೂದ್ರಾಗ ಮಾರಿ ಮ್ಯಾಲ ಬಿಳಿ ಅರಿವಿ ಎಳದಿದ್ರು. ಅವರು ಹೋಗಿ ಭಾಳ ಹೊತ್ತಾಗಿರಲಿಲ್ಲ. ಆಯಾ ನನ್ನ ಕೆಂಪು ಬಾಯಿ ನೋಡಿದ್ಲು. ಅಳಾಕ ಬಾಯಿ ತೆರೀಬೇಕಲ್ಲ? ತೆರಿಯಾಕ ಆಗಲಿಲ್ಲ. ಎಲಿ ಅಡಿಕಿ ಎಲ್ಲಿ ಉಗಳಲಿ ಅಂತ ಆ ವರಾಂಡದ ತುಂಬ ಜಾಗಾ ಹುಡುಕಿದೆ. ಸಿಗಲಿಲ್ಲ. ನುಂಗಿಬಿಟ್ಟೆ.

ಎಲ್ಲಾರೂ ನನ್ನ ಕೇಳ್ಯಾರ, ಅವರು ಏನಂದು ಹೋದ್ರು, ಏನಂದು ಹೋದ್ರು ಅಂತ. ನೀ ಉಂಡ್ಯಾ ಅಂತ ಒಬ್ಬರೂ ಕೇಳಿರಲಿಲ್ಲ ಕನೀಜ್.

ಇದನ್ನ ಹ್ಯಾಂಗ ಬರೀಲಿ, ಹೇಳು.

ಚಂದ್ರವ್ವ